ಲಜಾರಸ್: ಪೆನ್‌ಡ್ರೈವಲ್ಲಿ ಹೋಗುತ್ತೆ, ಒತ್ತಕ್ಷರದಲ್ಲಿ ಎಡವುತ್ತೆ

ದಾವಣಗೆರೆ ಎಪಿಎಂಸಿಯ ದಲಾಲಿ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ನಾನು ಕೂರೋದು ಲಿನಕ್ಸ್ ಮುಂದೆ, ಗಿರಾಕಿಗಳದ್ದು ವಿಂಡೋಸ್, ಅದರಲ್ಲೂ ಕೆಲವರದ್ದು ಇನ್ನೂ ವಿಂಡೋಸ್ 7. ಲಿನಕ್ಸ್, ವಿಂಡೋಸ್ ಎರಡಕ್ಕೂ ಪ್ರೋಗ್ರಾಂ ಕಟ್ಟೋ ಸಾಧನಗಳಲ್ಲಿ ಎಲೆಕ್ಟ್ರಾನ್ 2023ರಲ್ಲೇ, 23ನೇ ಆವೃತ್ತಿಯಿಂದ, ವಿಂಡೋಸ್ 7ನ್ನು ಕೈಬಿಟ್ಟಿತು. ಅಂಥದ್ದೇ ಕ್ಯೂಟಿ 6 ಕೂಡ ಅಲ್ಲಿ ಓಡಲ್ಲ. ಸಾಹುಕಾರರಿಗೆ ಹೊಸ ಕಂಪ್ಯೂಟರ್ ತಗೊಳ್ಳಿ ಅಂದ್ರೆ ಈ ಸುಗ್ಗಿ ಮುಗೀಲಿ ಅಂತಾರೆ. ಹಾಗಾಗಿ ಪಾಸ್ಕಲ್ ಭಾಷೆಯ ಕಂಪೈಲರ್ ಫ್ರೀ ಪಾಸ್ಕಲ್, ಅದರ ಮೇಲೆ ಪರದೆ, ಗುಂಡಿ ಜೋಡಿಸಿ ಪ್ರೋಗ್ರಾಂ ಕಟ್ಟೋ ಸಾಧನ ಲಜಾರಸ್. ದುಡ್ಡು ಕೊಡಬೇಕಿಲ್ಲ, ಮಾಡಿದ್ದನ್ನು ಮಾರಿದರೂ ಲೈಸೆನ್ಸಿನ ತಕರಾರಿಲ್ಲ.

ಇದರ ಸುಖ ಇರೋದು ಮಂಡಿಯಲ್ಲಿ. ಪೆನ್‌ಡ್ರೈವ್ ಚುಚ್ಚಬೇಕು, ಹಳೇ ಪ್ರೋಗ್ರಾಂ ಫೈಲಿನ (ಇಎಕ್ಸ್‌ಇ) ಹೆಸರಿಗೆ ಆವತ್ತಿನ ತಾರೀಖು ಸೇರಿಸಿ ಪಕ್ಕಕ್ಕಿಡಬೇಕು, ಹೊಸದನ್ನು ಅದೇ ಫೋಲ್ಡರಿಗೆ ಹಾಕಬೇಕು. ಪಕ್ಕದಲ್ಲಿ ಲೆಕ್ಕ ಕೂಡಿಡೋ ಡೇಟಾಬೇಸ್ ಎಸ್‌ಕ್ಯೂಲೈಟ್‌ನ ಡಿಎಲ್‌ಎಲ್ ಹೇಗೂ ಇರುತ್ತೆ. ಡಬಲ್ ಕ್ಲಿಕ್ ಮಾಡಿದ ತಕ್ಷಣ ಪರದೆ ಬರುತ್ತೆ. ಇನ್‌ಸ್ಟಾಲರ್ ಬೇಡ, ಇಂಟರ್ನೆಟ್ ಬೇಡ, ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಹುಡುಕೋದೂ ಬೇಡ. ಗುಮಾಸ್ತರು ತರಿಸಿದ ಚಹಾ ಬರೋದರೊಳಗೆ ಕೆಲಸ ಮುಗಿದಿರುತ್ತೆ. ಒಂದು ಮಾತು: ಡೀಬಗ್ ಮಾಹಿತಿ (ತಪ್ಪು ಹುಡುಕೋಕೆ ಸೇರಿಸೋದು) ತೆಗೆಯದೆ ಕಂಪೈಲ್ ಮಾಡಿದರೆ ಫೈಲು ಸುಮ್ಮನೆ ಊದಿರುತ್ತೆ, ರಿಲೀಸ್ ಮೋಡ್ ಮರೀಬೇಡಿ.

ಆದರೆ ಕನ್ನಡ! ಪಟ್ಟಿಯಲ್ಲಿ, ಅಂದ್ರೆ ಬಿಲ್ಲಿನಲ್ಲಿ, ರೈತರ ಊರಿಗೆ 20 ಜಾಗ ಇಟ್ಟಿದ್ದೆ. ಸಂತೇಬೆನ್ನೂರು ಅನ್ನೋದು ಕಣ್ಣಿಗೆ ಐದೇ ಅಕ್ಷರ. ಲಜಾರಸ್‌ನ 'ಲೆಂಗ್ತ್' ಕೇಳಿದರೆ 36 ಅನ್ನುತ್ತೆ, ಯಾಕಂದ್ರೆ ಅದು ಎಣಿಸೋದು ಬೈಟ್‌ಗಳನ್ನ. ಅಕ್ಷರಗಳನ್ನ ಬೈಟ್‌ಗಳಾಗಿ ಇಡೋ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಎಲ್ಲ ಬೇರೆ ಬೇರೆ) ಮೂರು ಬೈಟ್. 20ಕ್ಕೆ ಕತ್ತರಿಸಿದರೆ 'ಸಂತೇಬೆ', ಆಮೇಲೊಂದು ಕಸದ ಡಬ್ಬಿ (ಓದಲಾಗದ ಚೌಕ). "ತಮ್ಮಾ, ಊರನ್ನೇ ಅರ್ಧ ಕಡ್ದು ಹಾಕೀಯಲ್ಲೋ" ಅಂದರು ಸಾಹುಕಾರರು. ಯುಟಿಎಫ್-8ಗೆಂದೇ ಇರುವ ಬೇರೆ ಫಂಕ್ಷನ್ ಬಳಸಿದರೆ ಸಂಕೇತಗಳನ್ನ ಎಣಿಸಿ 12 ಅನ್ನುತ್ತೆ. ಆಗ ಡಬ್ಬಿ ಬರಲ್ಲ, ಆದರೆ ಎಂಟಕ್ಕೆ ಕತ್ತರಿಸಿದರೆ 'ಸಂತೇಬೆನ್' ಅಂತ ನಿಲ್ಲುತ್ತೆ.

ಸಿಟ್ಟಲ್ಲಿ ಪೈಥಾನ್‌ನಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ನೋಡಿದೆ. ಅಲ್ಲೂ 12. ಅಂದ್ರೆ ಪಾಸ್ಕಲ್‌ನ ಪಾಪ ಅರ್ಧ ಮಾತ್ರ. ಕೊನೆಗೆ ಸ್ವರಚಿಹ್ನೆ, ಅನುಸ್ವಾರ, ವಿರಾಮ (ಅರ್ಧಾಕ್ಷರ ಮಾಡೋ ಚಿಹ್ನೆ) ಬಂದರೆ ಹಿಂದಿನದಕ್ಕೆ ಅಂಟಿಸು, ವಿರಾಮದ ನಂತರದ ವ್ಯಂಜನವನ್ನೂ ಬಿಡಬೇಡ ಅಂತ ನಾನೇ ಒಂದು ಚಿಕ್ಕ ಫಂಕ್ಷನ್ ಬರೆದೆ. ಪರದೆ ಮೇಲೆ ಒತ್ತಕ್ಷರ ಮೂಡಿಸೋದರಲ್ಲಿ ತೊಂದರೆ ಇಲ್ಲ, ಆ ಕೆಲಸ ವಿಂಡೋಸೇ ನೋಡಿಕೊಳ್ಳುತ್ತೆ.

ಚಂದ ಕೇಳಬೇಡಿ, ಗುಂಡಿಗಳು ಹಳೇ ಕಾಲದವೇ. ಬೆಂಗಳೂರಲ್ಲಿ ಕೆಲಸ ಹುಡುಕುವ ಹುಡುಗರು ಎಲೆಕ್ಟ್ರಾನೋ ಅಂಥದ್ದೇ ಟೌರಿಯೋ ಕಲಿಯಲಿ, ಪಾಸ್ಕಲ್ ಗೊತ್ತು ಅಂದ್ರೆ ಅಲ್ಲಿ ಕೇಳೋರಿಲ್ಲ. ಮ್ಯಾಕ್ ಇಟ್ಟ ಮಂಡಿಯವರು ನನಗೆ ಇನ್ನೂ ಸಿಕ್ಕಿಲ್ಲ, ಅದರ ಬಗ್ಗೆ ಬೇರೆಯವರನ್ನ ಕೇಳಿ. ಮುಂದಿನ ಮೆಕ್ಕೆಜೋಳದ ಸುಗ್ಗಿಗೂ ನನ್ನ ಬಿಲ್ಲು ಲಜಾರಸ್‌ನಲ್ಲೇ.