ಟ್ರಯಂಫ್ ಟಿಆರ್6: ದಯವಿಟ್ಟು ಆ ಇಂಜೆಕ್ಷನ್ ಬಿಚ್ಚಿಸಬೇಡಿ

ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು ಟಿಆರ್6 ಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ. ಬಣ್ಣ, ಸೀಟು ಆಮೇಲೆ ನೋಡಿ. ಮೊದಲು ಬಾನೆಟ್ ಎತ್ತಿಸಿ. ಲೂಕಸ್ ಕಂಪನಿಯ ಪೆಟ್ರೋಲ್ ಇಂಜೆಕ್ಷನ್, ಅಂದರೆ ಕಾರ್ಬುರೇಟರ್ ಬದಲು ಪೆಟ್ರೋಲನ್ನು ಅಳೆದು ಸಿಂಪಡಿಸುವ ವ್ಯವಸ್ಥೆ, ಇನ್ನೂ ಅದರ ಜಾಗದಲ್ಲೇ ಇದೆಯಾ ನೋಡಿ. ಈ ಕಾರಿನ ಜೀವ ಇರುವುದೇ ಅಲ್ಲಿ.

ನನ್ನದು 1971ರ ಮಾಡೆಲ್, ಇಂಗ್ಲೆಂಡಿನಲ್ಲೇ ಮಾರಲು ಮಾಡಿದ್ದು. ನಾನಿರುವುದು ಕೊವೆಂಟ್ರಿಯಲ್ಲಿ. ಕಾರು ಹುಟ್ಟಿದ್ದೂ ಇದೇ ಊರಿನ ಕ್ಯಾನ್ಲಿ ಕಾರ್ಖಾನೆಯಲ್ಲಿ. 1968ರ ಕೊನೆಯಿಂದ 1976ರವರೆಗೆ 90 ಸಾವಿರಕ್ಕೂ ಜಾಸ್ತಿ ಕಾರು ಅಲ್ಲಿಂದ ಹೊರಬಂದವು. ಬಹುಪಾಲು ಅಮೆರಿಕಕ್ಕೆ ಹೋದವು.

ಮೈಕಟ್ಟು ನೋಡಿದರೆ ಹೊಸ ಕಾರು ಅನ್ನಿಸುತ್ತದೆ, ಆದರೆ ಪೂರ್ತಿ ಹೊಸದಲ್ಲ. ಬಾಗಿಲು, ಮುಂದಿನ ಗಾಜು, ಒಳಗಿನ ತಗಡು ಎಲ್ಲ 1961ರ ಟಿಆರ್4ರಿಂದ ಬಂದದ್ದು. ಅದನ್ನು ಬಿಡಿಸಿದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ನಮ್ಮ ಕಡೆಯವರಿಗೆ ಅವರ ಕೈಕೆಲಸ ಹೊಸದೇನಲ್ಲ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಅವರದೇ ಡಿಸೈನ್. ಟಿಆರ್6ಗೆ ಹೊಸ ರೂಪ ಕೊಟ್ಟಿದ್ದು ಜರ್ಮನಿಯ ಕಾರ್ಮನ್ ಕಂಪನಿ. ನಡುಭಾಗ ಹಾಗೇ ಬಿಟ್ಟು ಮುಖ ಮತ್ತು ಬೆನ್ನು ಮಾತ್ರ ಬದಲಿಸಿದರು. ಹಿಂಭಾಗ ನೇರವಾಗಿ ಕತ್ತರಿಸಿದ ಹಾಗಿದೆ. ತೇಪೆ ಹಾಕಿದ್ದು ಎಲ್ಲೂ ಗೊತ್ತಾಗುವುದಿಲ್ಲ. ನನಗಂತೂ ಟಿಆರ್ ಸಾಲಿನಲ್ಲೇ ಇದು ಗಂಡೆದೆಯ ಕಾರು.

ಇನ್ನು ಇಂಜಿನ್. ಒಂದೇ ಸಾಲಿನಲ್ಲಿ ಆರು ಸಿಲಿಂಡರ್, 2,498 ಸಿಸಿ. ಟ್ರಯಂಫ್ 2000 ಎಂಬ ಫ್ಯಾಮಿಲಿ ಕಾರಿನಲ್ಲಿ ಇದೇ ಇಂಜಿನ್ 2 ಲೀಟರ್ ಇತ್ತು. 74.7 ಮಿ.ಮೀ. ಬೋರ್ (ಸಿಲಿಂಡರಿನ ಅಗಲ) ಮುಟ್ಟದೆ, ಸ್ಟ್ರೋಕನ್ನು (ಪಿಸ್ಟನ್ ಓಡುವ ದೂರ) 76ರಿಂದ 95 ಮಿ.ಮೀ.ಗೆ ಎಳೆದು ಎರಡೂವರೆ ಲೀಟರ್ ಮಾಡಿದರು. ಸ್ಟ್ರೋಕ್ ಉದ್ದ ಆದದ್ದರಿಂದ ಕಡಿಮೆ ಸ್ಪೀಡಿನಲ್ಲೇ ಎಳೆತ ಸಿಗುತ್ತದೆ. ಟಾಪ್ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಸುಮ್ನೆ ಆಕ್ಸಿಲರೇಟರ್ ಒತ್ತಿ, ಗೊಣಗದೆ ಎಳೆಯುತ್ತದೆ. ಆರು ಸಿಲಿಂಡರ್ ಸಾಲಾಗಿದ್ದರೆ ಒಂದರ ಅದುರನ್ನು ಇನ್ನೊಂದು ಕಳೆಯುತ್ತದೆ, ಅಲ್ವಾ? ಐಡ್ಲಿಂಗಿನಲ್ಲಿ ಬಾನೆಟ್ ಮೇಲೆ ಕೈ ಇಟ್ಟರೆ ಅದು ಗೊತ್ತಾಗುತ್ತದೆ.

ಈಗ ಇಂಜೆಕ್ಷನ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡಿಕ್ಕಿಯಲ್ಲಿರುವ ಎಲೆಕ್ಟ್ರಿಕ್ ಪಂಪ್ ಪೆಟ್ರೋಲನ್ನು ಸುಮಾರು 100 ಪಿಎಸ್ಐ ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತದೆ. ಇಂಜಿನ್ ಪಕ್ಕದಲ್ಲಿ, ಡಿಸ್ಟ್ರಿಬ್ಯೂಟರ್ (ಕಿಡಿ ಹಂಚುವ ಭಾಗ) ತಿರುಗಿಸುವ ಗೇರಿನಿಂದಲೇ ತಿರುಗುವ, ಪೆಟ್ರೋಲ್ ಅಳೆದು ಕೊಡುವ ಒಂದು ಮೀಟರಿಂಗ್ ಯೂನಿಟ್ ಇದೆ. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಅದರೊಳಗೆ ತಿರುಗುವ ಒಂದು ರೋಟರ್. ರೋಟರ್ ಒಳಗೆ ಪುಟ್ಟ ಉಕ್ಕಿನ ತುಂಡೊಂದು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡುತ್ತದೆ. ಅದನ್ನು ಓಡಿಸುವುದು ಯಾವ ಸ್ಪ್ರಿಂಗೂ ಅಲ್ಲ, ಪೆಟ್ರೋಲಿನ ಒತ್ತಡವೇ. ಒಂದು ಕಡೆಯಿಂದ ಪೆಟ್ರೋಲ್ ತಳ್ಳಿದಾಗ, ಇನ್ನೊಂದು ಕಡೆ ಇದ್ದ ಪೆಟ್ರೋಲ್ ಒಂದು ಸಿಲಿಂಡರಿನ ಇಂಜೆಕ್ಟರಿಗೆ ಹೋಗುತ್ತದೆ. ಆ ತುಂಡು ಎಷ್ಟು ದೂರ ಓಡುತ್ತದೋ ಅಷ್ಟು ಪೆಟ್ರೋಲ್. ಆ ದೂರವನ್ನು ಇಂಜಿನ್ನಿನ ವ್ಯಾಕ್ಯೂಮ್, ಅಂದರೆ ಅದು ಗಾಳಿ ಎಳೆಯುವ ಸೆಳೆತ, ನಿರ್ಧರಿಸುತ್ತದೆ. ಕಾಲು ಒತ್ತಿದರೆ ವ್ಯಾಕ್ಯೂಮ್ ಇಳಿಯುತ್ತದೆ, ಓಟ ಉದ್ದವಾಗುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಇಷ್ಟನ್ನು ಬರೀ ಲೋಹದಲ್ಲಿ ಯೋಚಿಸಿ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ.

ಸಿಲಿಂಡರಿಗೊಂದರಂತೆ ಆರು ಥ್ರಾಟಲ್ (ಗಾಳಿ ಬಿಡುವ ಬಾಗಿಲು) ಇವೆ. ಪಿಕಪ್ ಅಷ್ಟು ಚುರುಕಾಗಿರುವುದಕ್ಕೆ ಅದೂ ಕಾರಣ. ಆದರೆ ಆರೂ ಒಂದೇ ಸಮ ಗಾಳಿ ಎಳೆಯಬೇಕು. ಅದನ್ನು ಕಿವಿಯಿಂದಲೇ ಹೊಂದಿಸಬಹುದು. ಗಾಳಿಯ ಪೈಪು ಬಿಚ್ಚಿ, ಒಂದು ರಬ್ಬರ್ ಟ್ಯೂಬಿನ ತುದಿ ಕಿವಿಗಿಟ್ಟು, ಇನ್ನೊಂದು ತುದಿ ಒಂದೊಂದೇ ಬಾಯಿಗೆ ಹಿಡಿಯುತ್ತಾ ಹೋಗಬೇಕು. ಸುಯ್ ಅನ್ನುವ ಸದ್ದು ಎಲ್ಲದರಲ್ಲೂ ಒಂದೇ ಥರ ಬರುವವರೆಗೆ ಸ್ಕ್ರೂ ತಿರುಗಿಸಬೇಕು. ತಾಳ್ಮೆಯ ಕೆಲಸ. ಆದರೆ ಮುಗಿದ ಮೇಲೆ ಇಂಜಿನ್ ಬೇರೆಯದೇ ಆಗಿರುತ್ತದೆ.

ಇಲ್ಲಿನ ಒಂದು ವರ್ಕ್‌ಶಾಪಿನಲ್ಲಿ, 'ಇದೆಲ್ಲ ತಲೆನೋವು, ಕಿತ್ತು ಕಾರ್ಬುರೇಟರ್ ಹಾಕಿಬಿಡೋಣ' ಅಂದರು. ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಇಂಜೆಕ್ಷನ್ನಿಗೆ ಕೆಟ್ಟ ಹೆಸರು ಬಂದಿದ್ದು ಮೀಟರಿಂಗ್ ಯೂನಿಟ್‌ನಿಂದಲ್ಲ, ಜಾಸ್ತಿ ಪಂಪಿನಿಂದ. ಅದರ ಮೋಟಾರ್ ವೈಪರ್ ಮೋಟಾರಿನ ಜಾತಿಯದು. ಬಿಸಿಲಿನಲ್ಲಿ, ಅದರಲ್ಲೂ ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ, ಬಿಸಿಯಾಗಿ ಒತ್ತಡ ಬಿಟ್ಟುಬಿಡುತ್ತದೆ. ಇಂಜಿನ್ ಮುಗ್ಗರಿಸುತ್ತದೆ. ಅದಕ್ಕೆ ಮದ್ದಿದೆ. ಬಾಷ್ ಪಂಪ್ ಹಾಕಿಸಿ. ನಾನು ಹಾಕಿಸಿದ್ದೇನೆ, ತೊಂದರೆ ಅಲ್ಲಿಗೇ ಮುಗಿಯಿತು.

ಅಮೆರಿಕಕ್ಕೆ ಹೋದವುಗಳ ಮಾತು ಬೇರೆ. ಅಲ್ಲಿನ ಹೊಗೆ ನಿಯಮದಿಂದಾಗಿ ಅವಕ್ಕೆ ಮೊದಲಿನಿಂದಲೇ ಎರಡು ಸ್ಟ್ರಾಂಬರ್ಗ್ ಕಾರ್ಬುರೇಟರ್. ಇಂಜಿನ್ ನಂಬರಿನ ಮೊದಲ ಎರಡು ಅಕ್ಷರ ನೋಡಿ: ಸಿಸಿ ಅಥವಾ ಸಿಎಫ್ ಇದ್ದರೆ ಅಮೆರಿಕದ್ದು. ಸಿಪಿ ಇದ್ದರೆ 150 ಅಶ್ವಶಕ್ತಿಯ ಇಂಜೆಕ್ಷನ್ ಇಂಜಿನ್. ಸಿಆರ್ ಇದ್ದರೆ ನಂತರದ 125ರದ್ದು. ಆ ಇಳಿಕೆ ನೋಡಿ ಹೆದರಬೇಡಿ. ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸ್ವಲ್ಪ ಮೆತ್ತಗೆ ಮಾಡಿದ್ದು ನಿಜ, ಆದರೆ ಶಕ್ತಿ ಅಳೆಯುವ ರೀತಿಯೂ ಬದಲಾಗಿತ್ತು.

ಕೊರತೆ ಇಲ್ಲವೇ? ಇದೆ. ಬಾಡಿ ಬೇರೆ, ಚಾಸಿ ಬೇರೆ. ಹಿಂದಿನ ಚಕ್ರಗಳ ತೋಳು ಕೂರುವ ಜಾಗದಲ್ಲಿ ಚಾಸಿಗೆ ತುಕ್ಕು ಹಿಡಿಯುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಹಿಡಿದಿರುವ ಬ್ರಾಕೆಟ್ ಬಿರುಕು ಬಿಡುತ್ತದೆ. ಕ್ಲಚ್ ಬಿಟ್ಟಾಗ ಹಿಂದೆ ಠಕ್ ಅಂದರೆ ಅನುಮಾನ ಪಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್. ಅರ್ಧಚಂದ್ರದ ಸಣ್ಣ ಚೂರುಗಳು ಅವು. ಸವೆದು ಬಿದ್ದುಹೋದರೆ ಕ್ರ್ಯಾಂಕ್ ಬ್ಲಾಕನ್ನೇ ತಿನ್ನುತ್ತದೆ. ಇಂಜಿನ್ ಆಫ್ ಇರುವಾಗ ಯಾರಿಗಾದರೂ ಕ್ಲಚ್ ಒತ್ತಲು ಹೇಳಿ, ನೀವು ಮುಂದಿನ ಪುಲ್ಲಿ ನೋಡಿ. ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ಬಂದರೆ ಎದ್ದು ಬನ್ನಿ.

ಓಡಿಸಲು ಸ್ಟೇರಿಂಗ್ ಭಾರ, ಕ್ಲಚ್ ಭಾರ. ಓವರ್‌ಡ್ರೈವ್ (ಅದೇ ಸ್ಪೀಡಿಗೆ ಇಂಜಿನ್ ನಿಧಾನಕ್ಕೆ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಇರುವುದನ್ನೇ ಹುಡುಕಿ, ಹೈವೇಯಲ್ಲಿ ಇಂಜಿನ್ ನಿರಾಳವಾಗುತ್ತದೆ. ಬಿಡಿಭಾಗಗಳಿಗೆ ಇಂಗ್ಲೆಂಡಿನಲ್ಲಿ ಬರವಿಲ್ಲ. ನೋಡಲು ಹೋಗುವುದಾದರೆ ಬಿಸಿಲಿರುವ ದಿನ ಹೋಗಿ, ಮಾಲೀಕರಿಗೆ ಟ್ಯಾಂಕ್ ತುಂಬಿಸಬೇಡಿ ಅನ್ನಿ, ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆಯಾದರೂ ಓಡಿಸಿ. ಅಷ್ಟಾದ ಮೇಲೂ ಇಂಜಿನ್ ಮುಗ್ಗರಿಸದಿದ್ದರೆ ಬೆಲೆ ಮಾತಾಡಲು ಕೂರಿ.