ನೀರಿನ ಚಕ್ರದಿಂದ ತಿರುಗುವ ಕೊಳಚೆ ಜರಡಿ: ಮಲೆನಾಡಿನ ಹಾಸ್ಟೆಲೊಂದರ ದೀರ್ಘಕಾಲದ ಅನುಭವ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಬದಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿ, ನಾನು ವಾರ್ಡನ್ ಆಗಿರುವ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ. ನೂರೆಂಬತ್ತರ ಆಸುಪಾಸು ವಿದ್ಯಾರ್ಥಿನಿಯರು. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರ್‌ಗಳು ಹಿಡಿಯುವ ಲೆಕ್ಕ. ಹಾಗೆ ನೋಡಿದರೆ ನಮ್ಮದು ದಿನಕ್ಕೆ ಸುಮಾರು 20,000 ಲೀಟರ್. ಅದು ಕಟ್ಟಡದ ಕೆಳಗೆ ಮೊದಲು ಜರಡಿ, ಆಮೇಲೆ ಕೆಸರು ತಂಗುವ ತೊಟ್ಟಿ, ಕೊನೆಗೆ ಕಾಬಾಳೆ ಬೆಳೆಸಿದ ಜಲ್ಲಿಯ ಪಾತಿ ದಾಟಿ ಹೊರಗೆ ಹೋಗುತ್ತದೆ. ಈ ವಿಮರ್ಶೆ ಆ ಮೊದಲ ಹಂತದ ಜರಡಿಯ ಬಗ್ಗೆ ಮಾತ್ರ. ಕೊರೊನಾ ಮುಗಿದು ಹಾಸ್ಟೆಲ್ ಮತ್ತೆ ತೆರೆದಾಗ ಇದನ್ನು ಹಾಕಿಸಿದೆವು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹಾಸ್ಟೆಲಿನಲ್ಲಿ ಆದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ಆದರೆ ಮಾರುವವರು ಹೇಳುವಂತೆ ಇದು ಹಾಕಿ ಮರೆತುಬಿಡುವ ಯಂತ್ರವಲ್ಲ. ಇಲ್ಲಿ ದುಡಿಯುವುದು ಹಳ್ಳ. ಹಳ್ಳವನ್ನು ನೋಡಿಕೊಳ್ಳುವವರು ಇರುವ ತನಕ ಜರಡಿ ತಿರುಗುತ್ತದೆ.

ಮೊದಲು ನಮ್ಮಲ್ಲಿದ್ದದ್ದು ಆಳದ ಗುಂಡಿಯೊಳಗೆ ನಿಲ್ಲಿಸಿದ ಕಬ್ಬಿಣದ ಕಂಬಿಗಳ ಜಾಲರಿ. ಕಸ ಕಟ್ಟಿಕೊಂಡಾಗ ನಿರ್ವಹಣೆ ನೋಡಿಕೊಳ್ಳುವವರು ಏಣಿ ಇಳಿದು ಕುಂಟೆಯಿಂದ ಎಳೆಯಬೇಕಿತ್ತು. ನಿಂತ ಕೊಳಚೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಏರಿದರೆ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಮನುಷ್ಯ ಅಪಾಯ ತಿಳಿಯುವ ಮೊದಲೇ ಕುಸಿಯುತ್ತಾನೆ. ರಕ್ಷಣೆಯಿಲ್ಲದೆ ಚರಂಡಿಗೂ ಶೌಚಗುಂಡಿಗೂ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಕಾನೂನು ಇಲ್ಲದಿದ್ದರೂ ಈ ಕೆಲಸಕ್ಕೆ ಒಬ್ಬರನ್ನು ಕಳುಹಿಸುವ ಮನಸ್ಸು ನನಗೆ ಬರುತ್ತಿರಲಿಲ್ಲ. ಯಂತ್ರ ಬೇಕು ಎಂದು ಆಡಳಿತ ಮಂಡಳಿಯ ಮುಂದೆ ನಾನು ಪಟ್ಟು ಹಿಡಿದದ್ದು ಇದೇ ಕಾರಣಕ್ಕೆ.

ವಿದ್ಯುತ್ ಮೋಟಾರಿನದ್ದು ಏಕೆ ಬೇಡವಾಯಿತು ಎಂದು ಕೇಳುವವರು ಒಂದು ಪುನರ್ವಸು ಮಳೆಯನ್ನು ಇಲ್ಲಿ ಕಳೆಯಬೇಕು. ಮರ ಬಿದ್ದು ತಂತಿ ಹರಿದರೆ ಲೈನ್‌ಮನ್‌ಗಳು ಉಂಬಳ ಕಚ್ಚಿಸಿಕೊಂಡು ಕಾಡಿನೊಳಗೆ ಹುಡುಕಿ ಕಟ್ಟುವ ತನಕ ಕತ್ತಲೆ. ಕರೆಂಟ್ ಇಲ್ಲವೆಂದು ಮಕ್ಕಳು ಸ್ನಾನ ನಿಲ್ಲಿಸುವುದಿಲ್ಲ. ಜನರೇಟರ್ ಅಡುಗೆಮನೆಗೂ ಓದುವ ದೀಪಗಳಿಗೂ ಬೇಕು. ಅದೇ ಹೊತ್ತಿಗೆ ಹಿಂದಿನ ಗುಡ್ಡದಿಂದ ಅಬ್ಬಿ ನೀರು ಯಾರ ಅಪ್ಪಣೆಯನ್ನೂ ಕೇಳದೆ ಧುಮುಕುತ್ತಿರುತ್ತದೆ.

ರಚನೆ ಸರಳವಾಗಿದೆ. 60 ಸೆಂಟಿಮೀಟರ್ ಅಡ್ಡಳತೆಯ ಸ್ಟೇನ್‌ಲೆಸ್ ಸ್ಟೀಲ್ ಡ್ರಮ್ ಸ್ವಲ್ಪ ಓರೆಯಾಗಿ ಮಲಗಿದೆ. ಕೊಳಚೆ ಅದರ ಒಳಗೆ ಬೀಳುತ್ತದೆ, ನೀರು ಗೋಡೆಯ ಸೀಳುಗಳಿಂದ ಕೆಳಗಿನ ತೊಟ್ಟಿಗೆ ಇಳಿಯುತ್ತದೆ, ಉಳಿದ ಕಸವನ್ನು ಒಳಗಿನ ಸುರುಳಿ ಪಟ್ಟಿ ತಳ್ಳುತ್ತಾ ಇನ್ನೊಂದು ತುದಿಯಿಂದ ಬುಟ್ಟಿಗೆ ಕೆಡವುತ್ತದೆ. ಪಕ್ಕದಲ್ಲಿ ಒಂದೂವರೆ ಮೀಟರ್ ಎತ್ತರದ ಚಕ್ರ. ಹಳ್ಳದ ನೀರು ನೆತ್ತಿಯ ಮೇಲೆ ಬಿದ್ದು ತಗಡಿನ ಡಬ್ಬಿಗಳನ್ನು ತುಂಬಿ ಅದನ್ನು ತಿರುಗಿಸುತ್ತದೆ. ಚಕ್ರ ನಾಲ್ಕು ಸುತ್ತು ಹಾಕಿದರೆ ಡ್ರಮ್ ಒಂದು ಸುತ್ತು ಬರುವಂತೆ ಚೈನ್ ಜೋಡಿಸಲಾಗಿದೆ. ಸೆಕೆಂಡಿಗೆ 8 ಲೀಟರ್ ನೀರು ಒಂದೂವರೆ ಮೀಟರ್ ಇಳಿದರೆ ಸುಮಾರು 118 ವ್ಯಾಟ್ ಶಕ್ತಿ. ಚೆಲ್ಲಿ ಹೋಗುವುದನ್ನೂ ಉಜ್ಜಾಟವನ್ನೂ ಕಳೆದರೆ ಕೈಗೆ ಸಿಗುವುದು ಅರವತ್ತೆಪ್ಪತ್ತು ವ್ಯಾಟ್. ನಿಧಾನವಾಗಿ ಉರುಳುವ ಡ್ರಮ್ಮಿಗೆ ಅದು ಧಾರಾಳ.

ಕೊಳಚೆಯ ಹರಿವೇ ಚಕ್ರ ತಿರುಗಿಸಲಿ, ಹಳ್ಳದ ನೀರೇಕೆ ಎಂದು ನಮ್ಮ ಮಂಡಳಿಯ ಹಿರಿಯರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ನೀರಾವರಿ ಕಾಲುವೆಗಳಿಗೆ ಮೀನು ನುಗ್ಗದಂತೆ ಇಡುವ ಉರುಳೆ ಜಾಲರಿಗಳನ್ನು ಅದೇ ಕಾಲುವೆಯ ಹರಿವು ಹಲಗೆಚಕ್ರದ ಮೂಲಕ ತಿರುಗಿಸುತ್ತದೆ. ಆದರೆ ಅಲ್ಲಿರುವುದು ಕಾಲುವೆ ತುಂಬ ನೀರು. ನಮ್ಮ 20,000 ಲೀಟರನ್ನು ದಿನಪೂರ್ತಿ ಹಂಚಿದರೆ ಸೆಕೆಂಡಿಗೆ ಕಾಲು ಲೀಟರ್ ಕೂಡ ಇಲ್ಲ. ಅದೇ ಎತ್ತರದಿಂದ ಇಳಿದರೂ ಮೂರು ನಾಲ್ಕು ವ್ಯಾಟ್ ಅಷ್ಟೆ. ಬೆಳಿಗ್ಗೆ ಒಮ್ಮೆಲೇ ಬರುವುದು, ಮಧ್ಯಾಹ್ನ ಬತ್ತುವುದು ಬೇರೆ. ಸಣ್ಣ ಸಂಸ್ಥೆಗಳಿಗೆ ಹೊರಗಿನ ನೀರೇ ಗತಿ.

ಈಗ ಕೂದಲಿನ ವಿಷಯ. ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವವರು ಇದನ್ನು ಗಮನವಿಟ್ಟು ಓದಬೇಕು. ನಮಗೆ ಮೊದಲು ಬಂದ ಡ್ರಮ್ 3 ಮಿಲಿಮೀಟರ್ ದುಂಡು ತೂತುಗಳ ತಗಡಿನದು. ವರ್ಕ್‌ಶಾಪಿನವರು ಬಳಕೆ ಎಲ್ಲಿ ಎಂದು ವಿಚಾರಿಸದೆ ತಮ್ಮಲ್ಲಿದ್ದ ತಗಡನ್ನೇ ಸುತ್ತಿ ಕೊಟ್ಟಿದ್ದರು. ಉದ್ದ ಕೂದಲು ಒಂದು ತೂತಿನಲ್ಲಿ ಹೊರಗಿಳಿದು ಪಕ್ಕದ ತೂತಿನಲ್ಲಿ ಒಳಕ್ಕೆ ಬಂದರೆ ಹೊಲಿಗೆ ಹಾಕಿದ ಹಾಗೆ ಕೂರುತ್ತದೆ. ಅದಕ್ಕೆ ಇನ್ನೊಂದು ಕೂದಲು, ಅದರ ಮೇಲೆ ಸೀಗೆಪುಡಿ, ಸೋಪಿನ ಜಿಡ್ಡು, ಎಣ್ಣೆ. ಕೆಲವೇ ವಾರಗಳಲ್ಲಿ ಗೋಡೆ ಮುಚ್ಚಿಹೋಗಿ ನೀರು ಕಸದ ಜೊತೆಗೇ ತುದಿಯಿಂದ ಸುರಿಯತೊಡಗಿತು. ತಂತಿ ಬ್ರಷ್ಷಿನಿಂದ ಉಜ್ಜಿದರೂ ಹೊಲಿಗೆ ಬಿಚ್ಚಲಿಲ್ಲ. ಬ್ಲೇಡು ಹಿಡಿದು ಕೊಯ್ಯಬೇಕಾಯಿತು. ಕೈ ತಾಗಿಸಬಾರದೆಂದು ತಂದ ಯಂತ್ರಕ್ಕೆ ಮತ್ತೆ ಕೈ ಹಾಕುವ ಪಾಡು ನನಗೆ ಬಹಳ ನೋವು ಕೊಟ್ಟಿತು.

ಪರಿಹಾರ ಸಿಕ್ಕಿದ್ದು ಡ್ರಮ್ಮಿನ ಹೊದಿಕೆಯನ್ನು ಬದಲಿಸಿದಾಗ. ಅಡ್ಡ ಕೊಯ್ದರೆ ಮುಕ್ಕೋನವಾಗಿ ಕಾಣುವ ಸ್ಟೀಲ್ ತಂತಿಗಳನ್ನು ಒತ್ತೊತ್ತಾಗಿ ಜೋಡಿಸಿ ನಡುವೆ ಸಣ್ಣ ಸೀಳು ಬಿಟ್ಟ ಜಾಲರಿ ಸಿಗುತ್ತದೆ. ತಂತಿಯ ಚಪ್ಪಟೆ ಮುಖ ಕೊಳಚೆಯ ಕಡೆಗೆ, ಚೂಪು ತುದಿ ಹೊರಗೆ. ಸೀಳು ಹೊರಕ್ಕೆ ಹೋದಂತೆ ಅಗಲವಾಗುವುದರಿಂದ ಒಳಹೊಕ್ಕದ್ದು ಸಿಕ್ಕಿಕೊಳ್ಳದೆ ದಾಟಿಹೋಗುತ್ತದೆ, ಕೂದಲಿಗೆ ಸುತ್ತು ಹಾಕಿಕೊಳ್ಳಲು ಪಕ್ಕದ ತೂತು ಸಿಗುವುದಿಲ್ಲ. ಬೆಲೆ ಗಣನೀಯವಾಗಿ ಹೆಚ್ಚು, ಆದರೂ ಎರಡನೆಯ ಯೋಚನೆ ಬೇಡ. ಕೂದಲಿನ ಕಾಟ ಪೂರ್ತಿ ಹೋಯಿತೆಂದಲ್ಲ. ಈಗ ಹೊರಗಿನಿಂದ ಪೈಪಿನಲ್ಲಿ ಚಿಮ್ಮುವ ನೀರೇ ಅದನ್ನು ಕಳಚುತ್ತದೆ, ಮನುಷ್ಯರ ಕೈ ಬೇಕಾಗುವುದು ಅಪರೂಪ.

ಆ ಚಿಮ್ಮುವ ನೀರು ಕೂಡ ಪಂಪಿಲ್ಲದೆ ಬರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ನಾವು ಹಳ್ಳದ ನೀರನ್ನು ಚಕ್ರದ ಕಡೆಗೆ ತಿರುಗಿಸುವ ಕಟ್ಟಕ್ಕಿಂತ ಇನ್ನೂ ಮೇಲಿನಿಂದ ಬೇರೆ ಪೈಪ್ ಎಳೆದು ಒಂದೂವರೆ ಬಾರ್ ಪಡೆದಿದ್ದೇವೆ. ಇಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಈ ಪೈಪ್ ಕುಡಿಯುವ ನೀರಿನ ಪೈಪಿನಿಂದ ಕವಲೊಡೆದು ಬರಬಾರದು. ಮೇಲೆ ಒತ್ತಡ ಕುಸಿದಾಗ ಕೊಳಚೆಯ ಹನಿಯನ್ನು ಅದು ಹಿಂದಕ್ಕೆ ಹೀರಬಲ್ಲದು. ಹಾಗೆಯೇ ಚಕ್ರದಿಂದ ಬಿದ್ದ ನೀರು ಸಿಮೆಂಟ್ ಕಾಲುವೆಯಲ್ಲಿ ಬೇರೆಯಾಗಿಯೇ ಹಳ್ಳಕ್ಕೆ ಮರಳಬೇಕು, ಆ ಕಾಲುವೆ ಜರಡಿಯ ತೊಟ್ಟಿಗಿಂತ ಎತ್ತರದಲ್ಲಿರಬೇಕು. ಈ ಹಳ್ಳ ಸೇರುವುದು ತುಂಗೆಯನ್ನು. ಕೆಳಗೆ ತೀರ್ಥಹಳ್ಳಿ ಇದೆ, ಗಾಜನೂರು ಇದೆ, ಶಿವಮೊಗ್ಗ ಇದೆ. ತುಂಗಾ ಪಾನ ಎನ್ನುವ ನಾಡಿನಲ್ಲಿ ಎರಡು ನೀರನ್ನು ಬೆರೆಯಗೊಡುವುದು ಅಕ್ಷಮ್ಯ.

ಸ್ಯಾನಿಟರಿ ಪ್ಯಾಡ್‌ಗಳನ್ನು ಯಾವ ಜರಡಿಯೂ ಗೆಲ್ಲಲಾರದು. ಅದರೊಳಗಿನ ಹೀರುಪುಡಿ ಉಬ್ಬಿ, ಸುರುಳಿ ಪಟ್ಟಿಗೂ ಡ್ರಮ್ಮಿಗೂ ನಡುವೆ ಬೆಣೆಯಾಗುತ್ತದೆ. ನೀರಿನ ಚಕ್ರದ ದೊಡ್ಡ ಗುಣ ಕಂಡದ್ದು ಇಂಥ ಹೊತ್ತಿನಲ್ಲಿಯೇ. ಡ್ರಮ್ ಕಚ್ಚಿಕೊಂಡರೆ ಚಕ್ರ ಸುಮ್ಮನೆ ನಿಲ್ಲುತ್ತದೆ, ನೀರು ಡಬ್ಬಿಗಳ ಮೇಲಿಂದ ಚೆಲ್ಲಿ ಹೋಗುತ್ತದೆ. ಮೋಟಾರಾಗಿದ್ದರೆ ವೈಂಡಿಂಗ್ ಸುಟ್ಟು ರಿಪೇರಿಗೆ ತೀರ್ಥಹಳ್ಳಿಗೆ ಹೊರಬೇಕಿತ್ತು. ಜರಡಿ ನಿಂತಾಗ ಕೊಳಚೆ ತಾನಾಗಿ ಪಕ್ಕದ ಕಾಲುವೆಗೆ ಹೊರಳಿ, 25 ಮಿಲಿಮೀಟರ್ ಅಂತರದ ಕಂಬಿಗಳ ಮೂಲಕ ಮುಂದೆ ಹೋಗುವ ವ್ಯವಸ್ಥೆ ಇದೆ. ಈ ಕಂಬಿಗಳು ನೆಲಮಟ್ಟದಲ್ಲಿವೆ, ನಿಂತುಕೊಂಡೇ ಉದ್ದ ಕುಂಟೆಯಿಂದ ಎಳೆಯಬಹುದು. ಆದರೂ ತಡೆ ಬೇಕಿರುವುದು ಶೌಚಾಲಯದಲ್ಲೇ. ಪ್ರತಿ ಶೌಚಾಲಯದೊಳಗೆ ಮುಚ್ಚಳವಿರುವ ಬುಟ್ಟಿ, ಹಳೆಯ ಪತ್ರಿಕೆಯ ಹಾಳೆಗಳು ಇಟ್ಟೆವು. ಜೂನ್‌ನಲ್ಲಿ ಹೊಸದಾಗಿ ಬರುವ ಮಕ್ಕಳನ್ನು ಜರಡಿಯ ಹತ್ತಿರ ಕರೆದೊಯ್ದು, ಒಳಗೆ ಹಾಕಿದ್ದು ಎಲ್ಲಿ ಬಂದು ಬೀಳುತ್ತದೆ, ಅದನ್ನು ಎತ್ತುವವರು ಯಾರು ಎಂದು ತೋರಿಸುತ್ತೇನೆ. ನಾಚಿಕೆಯಿಂದ ಮುಚ್ಚಿಡುವ ವಿಷಯವನ್ನು ಬಿಚ್ಚಿ ಮಾತನಾಡಿದ ಮೇಲೆ ಪ್ಯಾಡ್ ಬರುವುದು ತೀರಾ ಕಡಿಮೆಯಾಗಿದೆ. ಶ್ಯಾಂಪೂ ಸ್ಯಾಶೆಗಳು ಮಾತ್ರ ಇನ್ನೂ ಬರುತ್ತಿವೆ.

ಬುಟ್ಟಿಗೆ ಬಿದ್ದ ಕಸ ಒಂದು ಹಗಲು ನೀರು ಬಸಿಯುತ್ತದೆ. ಪ್ಲಾಸ್ಟಿಕ್ಕನ್ನು ಇಕ್ಕಳದಿಂದ ಬೇರೆ ಮಾಡಿ, ಉಳಿದದ್ದನ್ನು ಸುಣ್ಣ ಹಾಕಿ ಹಳ್ಳದಿಂದ ದೂರದ ಗುಂಡಿಯಲ್ಲಿ ಮುಚ್ಚುತ್ತೇವೆ. ಮಳೆನೀರು ನುಗ್ಗದಂತೆ ಆ ಗುಂಡಿಗೆ ತಗಡಿನ ಮಾಡು ಇದೆ.

ಹಳ್ಳದ ಪಾಲನೆಯೇ ನಿಜವಾದ ದುಡಿಮೆ. ಆಶ್ಲೇಷ ಮಳೆಯಲ್ಲಿ ಕಟ್ಟದ ಬಾಯಿಗೆ ಬಿದಿರೆಲೆ, ಅಡಿಕೆ ಹಾಳೆ, ಮುರಿದ ಕೊಂಬೆ ಬಂದು ಒತ್ತುತ್ತವೆ. ನಿರ್ವಹಣೆಯ ಅಣ್ಣ ಒಮ್ಮೆ ನನಗೆ ಹೇಳಿದರು: “ಮೇಡಂ, ಚಕ್ರ ನಿಂತರೆ ಚಕ್ರದ ಹತ್ತಿರ ಹೋಗಬೇಡಿ, ಮೊದಲು ಕಟ್ಟ ನೋಡಿ ಬನ್ನಿ.” ಅವರ ಮಾತು ಹೆಚ್ಚುಕಡಿಮೆ ಪ್ರತಿ ಸಲವೂ ನಿಜವಾಗಿದೆ. ಈಗ ಕಟ್ಟದ ಮೇಲಿಂದ ನೀರು ಓರೆ ಜಾಲರಿಯ ಮೇಲೆ ಜಾರುವಂತೆ ಮಾಡಿದ್ದೇವೆ. ನೀರು ಸೀಳುಗಳಿಂದ ಕೆಳಗಿಳಿಯುತ್ತದೆ, ಎಲೆ ಜಾರಿ ಹಳ್ಳಕ್ಕೇ ಬೀಳುತ್ತದೆ. ಅದರ ಕೆಳಗೆ ಮರಳು ತಂಗಲು ಸಣ್ಣ ತೊಟ್ಟಿ. ಅದಿಲ್ಲದಿದ್ದಾಗ ಚಿಮ್ಮುವ ಪೈಪಿನ ಮೂತಿಗಳು ಮರಳಿನಿಂದ ಕಟ್ಟಿಕೊಳ್ಳುತ್ತಿದ್ದವು.

ದೌರ್ಬಲ್ಯ ಗೊತ್ತಾಗುವುದು ಶಿವರಾತ್ರಿ ಕಳೆದ ಮೇಲೆ. ಹಳ್ಳ ಸಣ್ಣದಾಗುತ್ತಾ ಹೋಗುತ್ತದೆ, ಅತ್ತ ಮಾರ್ಚ್ ಪರೀಕ್ಷೆಯ ಕಾಲ, ಹಾಸ್ಟೆಲ್ ತುಂಬಿರುತ್ತದೆ. ಏಪ್ರಿಲ್, ಮೇ ರಜೆಯಾದ್ದರಿಂದ ನಮ್ಮ ಮಟ್ಟಿಗೆ ಕಷ್ಟ ಈ ಒಂದು ತಿಂಗಳಿನದು. ಚಕ್ರದ ಮೇಲ್ಗಡೆ 5,000 ಲೀಟರ್ ತೊಟ್ಟಿ ಕಟ್ಟಿ ರಾತ್ರಿಯಿಡೀ ಜಿನುಗುವ ನೀರನ್ನು ತುಂಬಿಸಿಕೊಳ್ಳುತ್ತೇವೆ. ಸೆಕೆಂಡಿಗೆ 4 ಲೀಟರಿನಂತೆ ಬಿಟ್ಟರೆ ಇಪ್ಪತ್ತು ನಿಮಿಷಕ್ಕೆ ಸಾಕು. ಬೆಳಗಿನ ಸ್ನಾನದ ಹೊತ್ತಿನಲ್ಲಿ ಅದನ್ನು ಮೂರು ನಾಲ್ಕು ನಿಮಿಷಗಳ ಕಂತುಗಳಾಗಿ ಬಿಡುತ್ತೇವೆ. ಸಂಜೆ ಕೈಹಿಡಿ ಹಾಕಿ ತಿರುಗಿಸುತ್ತೇವೆ. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ ಜೋನ್ಸ್ ಫಾಲ್ಸ್ ಹೊಳೆಯ ಕಸವನ್ನು 2014ರಿಂದ ಎತ್ತುತ್ತಿರುವ ನೀರುಚಕ್ರಕ್ಕೆ, ಹರಿವು ಸಾಲದಾದಾಗ ಸೌರವಿದ್ಯುತ್ತಿನ ಪಂಪು ನೀರೆತ್ತಿ ಸುರಿಯುತ್ತದೆ. ಮಾರ್ಚ್ ಬಿಸಿಲಿಗೆ ಇಲ್ಲಿಯೂ ಅದು ಹೊಂದುತ್ತದೆ ಎಂದು ಮಂಡಳಿಗೆ ಬರೆದುಕೊಟ್ಟಿದ್ದೇನೆ.

ಸವೆತದ ಮಾತು ಬೇಗ ಮುಗಿಸುತ್ತೇನೆ. ಡ್ರಮ್ಮಿಗೆ ತುಕ್ಕು ಬಂದಿಲ್ಲ. ಸಾದಾ ಕಬ್ಬಿಣದ ಚೈನ್ ಎರಡನೆಯ ಮಳೆಗಾಲಕ್ಕೇ ಹಾಳಾಯಿತು, ಸ್ಟೇನ್‌ಲೆಸ್‌ನದನ್ನು ಹಾಕಿಸಿದೆವು. ಡ್ರಮ್ ಕೂರುವ ನೈಲಾನ್ ಉರುಳೆಗಳು ಸವೆಯುತ್ತವೆ. ಬೇರಿಂಗ್‌ಗಳಿಗೆ ತಿಂಗಳಿಗೊಮ್ಮೆ ಗ್ರೀಸ್ ಸಾಕು. ಜಾಲರಿ ಬದಲಾವಣೆ ಸೇರಿ, ಸಿಮೆಂಟ್ ಕೆಲಸ ಬಿಟ್ಟು, ಮೂರು ಲಕ್ಷದ ಆಸುಪಾಸು ಖರ್ಚಾಗಿದೆ. ಅಡುಗೆಮನೆಯ ನೀರಿಗೆ ಜಿಡ್ಡು ಹಿಡಿಯುವ ತೊಟ್ಟಿ ಬೇರೆ ಇರಲೇಬೇಕು. ಮಾಡಿನ ಮಳೆನೀರು ಕೊಳಚೆ ಪೈಪಿಗೆ ಸೇರುತ್ತಿದ್ದರೆ ಮೊದಲು ಅದನ್ನು ತಪ್ಪಿಸಿ. ಆಗುಂಬೆ ಕಡೆಯ ಮಳೆ ಡ್ರಮ್ಮಿಗೆ ಬಿದ್ದರೆ ಎಂಥ ಜರಡಿಯೂ ತಡೆಯುವುದಿಲ್ಲ.

ಬಯಲಿನಲ್ಲಿರುವವರು, ಡಿಸೆಂಬರಿಗೇ ಹಳ್ಳ ಒಣಗುವ ಕಡೆಯವರು ಇದಕ್ಕೆ ಹಣ ಹಾಕಬೇಡಿ. ನೀರಿದ್ದು, ಅದು ಬೀಳಲು ಎರಡು ಮೀಟರ್ ಇಳಿಜಾರು ಸಿಗುವ ಹಾಸ್ಟೆಲ್, ಯಾತ್ರಿ ನಿವಾಸ, ಹೋಮ್‌ಸ್ಟೇಗಳವರು ಧೈರ್ಯವಾಗಿ ಮಾಡಿಸಬಹುದು. ಆರ್ಡರ್ ಕೊಡುವಾಗ ಉದ್ದ ಸೀಳಿನ ಜಾಲರಿ, ಸ್ಟೇನ್‌ಲೆಸ್ ಚೈನ್, ಒಂದು ಜೊತೆ ಹೆಚ್ಚುವರಿ ಉರುಳೆಗಳನ್ನು ಬರೆಸಿಕೊಳ್ಳಿ. ಚೈನಿಗೂ ಚಕ್ರಕ್ಕೂ ಮುಚ್ಚುವ ಕವಚವನ್ನು ಕೇಳಿಯೇ ಪಡೆಯಿರಿ. ನಮಗೆ ಅದಿಲ್ಲದೆಯೇ ಬಂದಿತ್ತು. ಜಡೆ, ದುಪಟ್ಟಾ ಇರುವ ಮಕ್ಕಳು ಓಡಾಡುವ ಜಾಗವಾದ್ದರಿಂದ ಸುತ್ತ ತಂತಿಬೇಲಿ ಹಾಕಿ ಬೀಗ ಬಿದ್ದ ಮೇಲೆಯೇ ನಾನು ಕಟ್ಟದ ಬಾಯಿ ತೆರೆಯಲು ಹೇಳಿದ್ದು.