ಡ್ಯಾನ್‌ಫೋರ್ತ್ ಆಂಕರ್: ಮರಳಿಗೆ ಚಿನ್ನದಂಥದ್ದು, ಕಳೆ ಬೆಳೆದ ತಳಕ್ಕೆ ಬೇಡ

ಆರು ಕಿಲೋ ಉಕ್ಕಿನ ಆಂಕರ್, ಅಂದರೆ ಲಂಗರು, ಒಂದೆರಡು ಟನ್ ತೂಗುವ ದೋಣಿಯನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುತ್ತದೆ ಎಂದರೆ ಹೊಸಬರಿಗೆ ನಂಬಿಕೆ ಬರುವುದು ಕಷ್ಟ. ಆಂಕರ್ ಎಂಬ ಪದವನ್ನು ದಿನವೂ ಬಳಸುವ ರೀತಿಯೇ ಇದಕ್ಕೆ ಕಾರಣ. ಟಿವಿ ಕಾರ್ಯಕ್ರಮ ನಡೆಸಿಕೊಡುವವರು ಆಂಕರ್, ಕಾಂಕ್ರೀಟಿಗೆ ಕೂರಿಸುವ ಬೋಲ್ಟ್ ಆಂಕರ್, ವೆಬ್ ಪುಟದಲ್ಲಿ ಕೊಂಡಿ ಹಾಕುವ ಟ್ಯಾಗ್ ಕೂಡ ಆಂಕರ್. ಎಲ್ಲೆಡೆಯೂ ‘ಅಲುಗದೆ ನಿಂತದ್ದು’ ಎಂಬ ಅರ್ಥ ಕೇಳಿ ಕೇಳಿ, ಭಾರವಿದ್ದರೆ ಸಾಕು ಎಂಬ ಭಾವನೆ ಬೇರೂರಿದೆ. ಪದದ ಹುಟ್ಟು ಬೇರೆಯೇ ಮಾತು ಹೇಳುತ್ತದೆ. ಗ್ರೀಕಿನ ‘ಆಂಕುರಾ’ದಿಂದ ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂದ ಈ ಪದದ ಬೇರಿನ ಅರ್ಥ ಬಾಗಿದ್ದು, ಕೊಕ್ಕೆ. ನಮ್ಮ ‘ಅಂಕುಶ’ವೂ ಅದೇ ಬೇರಿನದು. ಆನೆಯನ್ನು ತಡೆಯುವುದು ಅಂಕುಶದ ತೂಕವಲ್ಲ, ಅದರ ಕೊಕ್ಕೆ. ಪಾರಸಿಯಿಂದ ಬಂದ ‘ಲಂಗರು’ ಎಂಬ ಪದವನ್ನು ಬಳಸುವಾಗಲೂ ಇದು ನೆನಪಿರಲಿ.

ಈ ತತ್ವವನ್ನು ಚೊಕ್ಕವಾಗಿ ದುಡಿಸಿಕೊಂಡ ವಿನ್ಯಾಸ ಡ್ಯಾನ್‌ಫೋರ್ತ್. ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ ರೂಪಿಸಿದ ಇದು ಎರಡನೆಯ ಮಹಾಯುದ್ಧದಲ್ಲಿ, ದಡಕ್ಕೆ ನುಗ್ಗಿದ ಸೇನಾ ನಾವೆಗಳು ತಮ್ಮನ್ನು ತಾವೇ ನೀರಿಗೆ ಹಿಂದೆಳೆದುಕೊಳ್ಳಲು ನೆರವಾಯಿತು. ಉದ್ದನೆಯ ಒಂದು ದಂಡ, ಅದರ ಬುಡದಲ್ಲಿ ಎರಡೂ ಬದಿಗೆ ತಿರುಗಾಡುವ ಎರಡು ಚಪ್ಪಟೆ ಅಲಗು, ಮಗುಚಿಕೊಳ್ಳದಂತೆ ತಡೆಯುವ ಅಡ್ಡಸರಳು, ತುದಿಯಲ್ಲಿ ಶ್ಯಾಕಲ್ (ಸರಪಳಿ ಜೋಡಿಸುವ, ಪಿನ್ನು ಇರುವ ಕೊಂಡಿ) ಹಾಕುವ ತೂತು, ಇಷ್ಟೇ ಭಾಗಗಳು. ದಂಡಕ್ಕೂ ಅಲಗಿಗೂ ನಡುವೆ ಸುಮಾರು 30 ಡಿಗ್ರಿ ಕೋನ. ಯಾವ ಮಗ್ಗುಲಿಗೆ ಬಿದ್ದರೂ ಅಲಗುಗಳು ತಳದತ್ತ ವಾಲುತ್ತವೆ, ಎಳೆದಷ್ಟೂ ಆಳಕ್ಕಿಳಿಯುತ್ತವೆ. ಮರಳು ಮತ್ತು ಗಟ್ಟಿ ಕೆಸರಿನಲ್ಲಿ ತೂಕಕ್ಕೆ ಹೋಲಿಸಿದರೆ ಇಷ್ಟು ಹಿಡಿತ ಕೊಡುವ ಆಂಕರ್‌ಗಳು ಕಡಿಮೆ. ತೀರಾ ಮೆತ್ತನೆಯ ಕೆಸರಿಗೆ 30 ಡಿಗ್ರಿ ಸಾಲದು. ಇದೇ ಮಾದರಿಯ ಅಲ್ಯೂಮಿನಿಯಂ ಫೋರ್ಟ್ರೆಸ್‌ನಲ್ಲಿ ಕೋನವನ್ನು 32ರಿಂದ 45 ಡಿಗ್ರಿಗೆ ಬದಲಿಸಿಕೊಳ್ಳಬಹುದು. ಕೆಸರಿನ ತಳವೇ ಹೆಚ್ಚಾಗಿ ಸಿಗುವವರು ಅದನ್ನೇ ಕೊಳ್ಳುವುದು ಒಳಿತು.

ಕೊಳ್ಳುವಾಗ ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿ. ಅಲಗುಗಳು ಸಲೀಸಾಗಿ ಎರಡೂ ಕಡೆ ಬೀಳಬೇಕು. ಅವುಗಳ ನಡುವೆ ಬೆರಳು ಮಾತ್ರ ಇಡಬೇಡಿ, ಕತ್ತರಿಯಂತೆ ಕಚ್ಚುತ್ತವೆ. ಅಲಗಿನ ತುದಿ ಮೊಂಡಾಗಿರುವ, ಬುಡದ ಬೆಸುಗೆ ಒರಟಾಗಿರುವ ನಕಲುಗಳಿವೆ. ಮೊಂಡು ತುದಿ ಗಟ್ಟಿ ಮರಳಿನ ಮೇಲೆ ಜಾರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಸತುವಿನ ಲೇಪ ಎಲ್ಲೂ ಎದ್ದಿರಬಾರದು. ಏಳು ಮೀಟರಿನ ದೋಣಿಗೆ ಸುಮಾರು ಆರು ಕಿಲೋದ ಉಕ್ಕಿನ ಆಂಕರ್ ಸಾಕಾಗುತ್ತದೆ, ಆದರೂ ತಯಾರಕರ ಪಟ್ಟಿಯಲ್ಲಿ ನಿಮ್ಮ ದೋಣಿ ಎರಡು ಅಳತೆಗಳ ನಡುವೆ ಬಿದ್ದರೆ ದೊಡ್ಡದನ್ನೇ ಆರಿಸಿ.

ಆಂಕರ್ ಒಂದನ್ನೇ ತಂದು ಹಗ್ಗ ಕಟ್ಟಿದರೆ ಕೆಲಸ ಅರ್ಧ. ಆಂಕರ್‌ಗೂ ಹಗ್ಗಕ್ಕೂ ನಡುವೆ ಕನಿಷ್ಠ ದೋಣಿಯುದ್ದದ ಸರಪಳಿ ಬೇಕು. 8 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 1.4 ಕಿಲೋ ತೂಗುತ್ತದೆ. ಆ ತೂಕ ದಂಡವನ್ನು ತಳಕ್ಕೆ ಒತ್ತಿಹಿಡಿಯುತ್ತದೆ, ಹಗ್ಗ ಕಲ್ಲಿಗೆ ಉಜ್ಜಿ ಸವೆಯುವುದನ್ನೂ ತಪ್ಪಿಸುತ್ತದೆ. ಹಗ್ಗ ನೈಲಾನಿನದೇ ಆಗಿರಲಿ. ಅದು ಹಿಗ್ಗಿ ಅಲೆಯ ಜಗ್ಗಾಟವನ್ನು ನುಂಗುತ್ತದೆ. ಪಾಲಿಪ್ರೊಪಿಲೀನ್ ನೀರಿನ ಮೇಲೆ ತೇಲುವುದರಿಂದ ಬೇರೆ ದೋಣಿಗಳ ಪ್ರೊಪೆಲ್ಲರ್‌ಗೆ ಸಿಕ್ಕಿಕೊಳ್ಳುತ್ತದೆ. ಶ್ಯಾಕಲ್ ಪಿನ್ನು ತಾನಾಗಿಯೇ ಬಿಚ್ಚಿಕೊಳ್ಳದಂತೆ ಅದರ ಕಣ್ಣಿಗೆ ತಂತಿ ಪೋಣಿಸಿ ಬಿಗಿಯಬೇಕು. ಈ ಐದು ನಿಮಿಷದ ಕೆಲಸ ಬಿಟ್ಟರೆ ಆಂಕರ್ ತಳದಲ್ಲೇ ಉಳಿಯುತ್ತದೆ, ದೋಣಿ ಹೊರಟುಹೋಗುತ್ತದೆ.

ಎಷ್ಟು ಉದ್ದ ಬಿಡಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವುವುದು. ಆಳಕ್ಕೆ ಹೋಲಿಸಿದರೆ ಬಿಟ್ಟ ಉದ್ದ ಎಷ್ಟು ಪಟ್ಟು ಎಂಬುದನ್ನು ನಾವಿಕರು ‘ಸ್ಕೋಪ್’ ಎನ್ನುತ್ತಾರೆ. ಆಳ ಎಂದರೆ ನೀರಿನ ಆಳ ಅಳೆಯುವ ಉಪಕರಣ ತೋರಿಸುವುದಷ್ಟೇ ಅಲ್ಲ. ನೀರು 4 ಮೀಟರ್, ಇನ್ನು ಏರಲಿರುವ ಉಬ್ಬರ 2 ಮೀಟರ್, ನೀರಿನಿಂದ ದೋಣಿಯ ಮೂತಿಗೆ 1 ಮೀಟರ್: ಒಟ್ಟು 7. ಏಳು ಪಟ್ಟು ಸ್ಕೋಪ್ ಇಟ್ಟುಕೊಳ್ಳುವುದಾದರೆ 49 ಮೀಟರ್ ಬಿಡಬೇಕು. ಬರೀ ನಾಲ್ಕನ್ನು ಲೆಕ್ಕಕ್ಕೆ ಹಿಡಿದು 28 ಮೀಟರ್ ಬಿಟ್ಟವರಿಗೆ ಉಬ್ಬರದ ಹೊತ್ತಿಗೆ ನಾಲ್ಕೇ ಪಟ್ಟು ಉಳಿದಿರುತ್ತದೆ. ಬಿಗಿಯಾಗಿ ಎಳೆದ ಹಗ್ಗ ಏಳು ಪಟ್ಟಿನಲ್ಲಿ ತಳದೊಂದಿಗೆ 8 ಡಿಗ್ರಿ ಕೋನ ಮಾಡಿದರೆ ಮೂರು ಪಟ್ಟಿನಲ್ಲಿ 19 ಡಿಗ್ರಿ ದಾಟುತ್ತದೆ. ಎಳೆತ ಮೇಲ್ಮುಖವಾದಷ್ಟೂ ಅಲಗು ಕಿತ್ತುಬರುತ್ತದೆ. ತೂಕ ಹೆಚ್ಚಿಸುವುದಕ್ಕಿಂತ ಹಗ್ಗ ಹೆಚ್ಚಿಸುವುದು ಫಲ ಕೊಡುವುದು ಇದಕ್ಕೇ.

ಹಾಕುವ ಕ್ರಮ ಹೀಗೆ: ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ ಪೂರ್ತಿ ನಿಲ್ಲಿಸಿ. ಆಂಕರನ್ನು ನಿಧಾನಕ್ಕೆ ಇಳಿಸಿ, ಎಸೆಯಬೇಡಿ. ಎಸೆದರೆ ಸರಪಳಿ ಅಲಗಿಗೆ ಸುತ್ತಿಕೊಂಡು ಆಂಕರ್ ಕಚ್ಚುವುದೇ ಇಲ್ಲ. ದೋಣಿ ಹಿಂದೆ ಸರಿಯತೊಡಗಿದ ಮೇಲೆ ಹಗ್ಗ ಬಿಡುತ್ತಾ ಹೋಗಿ. ಮೂರು ಪಟ್ಟಾದಾಗ ಒಮ್ಮೆ ಮೆಲ್ಲಗೆ ಬಿಗಿಹಿಡಿದು ಅಲಗು ನಾಟಲು ಬಿಡಿ, ಉಳಿದದ್ದನ್ನು ಬಿಟ್ಟು ಗೂಟಕ್ಕೆ ಸುತ್ತಿ. ಎಂಜಿನ್ನನ್ನು ರಿವರ್ಸ್‌ನಲ್ಲಿ ನಿಧಾನವಾಗಿ ಏರಿಸುತ್ತಾ ಹಗ್ಗದ ಮೇಲೆ ಅಂಗೈ ಇಡಿ. ಬಿಗಿಯಾಗಿ ಸ್ಥಿರವಾಗಿದ್ದರೆ ಕಚ್ಚಿದೆ. ಬಿಟ್ಟು ಬಿಟ್ಟು ನಡುಗಿದರೆ ತಳದ ಮೇಲೆ ಜಾರುತ್ತಿದೆ, ಎತ್ತಿ ಮತ್ತೆ ಹಾಕಿ. ಕೊನೆಗೆ ದಡದ ಮೇಲಿನ ಎರಡು ಗುರುತುಗಳು ಒಂದರ ಹಿಂದೊಂದು ಬರುವುದನ್ನು ನೋಡಿಟ್ಟುಕೊಂಡರೆ ದೋಣಿ ಸರಿದದ್ದು ತಕ್ಷಣ ತಿಳಿಯುತ್ತದೆ.

ಇನ್ನು ಕೊರತೆಗಳು. ಗಾಳಿ ಅಥವಾ ಸೆಳೆತ ಪೂರ್ತಿ ಎದುರು ದಿಕ್ಕಿಗೆ ತಿರುಗಿದರೆ ಡ್ಯಾನ್‌ಫೋರ್ತ್ ಕಿತ್ತುಬರಬಹುದು. ಆಗ ಅಲಗಿನ ಸಂದಿಯಲ್ಲಿ ಕಲ್ಲೋ ಚಿಪ್ಪೋ ಸಿಕ್ಕಿಕೊಂಡರೆ ಅಲಗು ತಿರುಗದು, ಮತ್ತೆ ನಾಟದು. ನೀರೊಳಗಿನ ಹುಲ್ಲು, ಪಾಚಿಯ ಮೇಲಂತೂ ಹಗುರವಾದ್ದರಿಂದ ತೆವಳುತ್ತದೆ. ಬಂಡೆಯ ನಡುವೆ ಸಿಕ್ಕಿದರೆ ದಂಡ ಬಾಗುತ್ತದೆ. ಅಂಥ ತಳಕ್ಕೆ, ಅಥವಾ ಉಬ್ಬರವಿಳಿತದಲ್ಲಿ ದೋಣಿ ಸುತ್ತು ಹಾಕುವ ಜಾಗದಲ್ಲಿ ರಾತ್ರಿ ತಂಗುವುದಕ್ಕೆ ಇದೊಂದನ್ನೇ ನಂಬುವುದನ್ನು ಒಪ್ಪಲಾಗದು. ಜೆಫ್ರಿ ಇಂಗ್ರಾಮ್ ಟೇಲರ್ 1933ರಲ್ಲಿ ರೂಪಿಸಿದ ಸಿಕ್ಯೂಆರ್‌ನಂಥ ನೇಗಿಲಿನಾಕಾರದ್ದು ಮುಖ್ಯ ಆಂಕರ್ ಆಗಿರಲಿ, ಡ್ಯಾನ್‌ಫೋರ್ತ್ ಎರಡನೆಯದಾಗಿರಲಿ. ಚಪ್ಪಟೆಯಾಗಿ ಮಡಚಿಕೊಳ್ಳುವುದರಿಂದ ಪೆಟ್ಟಿಗೆಯೊಳಗೆ ಇಡಲು ಸುಲಭ.

ಇಂಗ್ಲಿಷ್ ಕೈಪಿಡಿಗಳಲ್ಲಿ ಬರುವ ‘ವೇ ಆಂಕರ್’ (weigh anchor) ಎಂದರೆ ತೂಗುವುದಲ್ಲ, ಎತ್ತುವುದು. ಆ ಕ್ರಿಯಾಪದದ ಹಳೆಯ ಅರ್ಥವೇ ಹೊರು, ಎತ್ತು ಎಂದು. ಎತ್ತಲು ದೋಣಿಯನ್ನು ನಿಧಾನವಾಗಿ ಆಂಕರ್‌ನ ನೇರ ಮೇಲಕ್ಕೆ ತಂದು, ಹಗ್ಗ ಲಂಬವಾದಾಗ ಗೂಟಕ್ಕೆ ಸುತ್ತಿ, ಅಲೆಯ ಏರಿಳಿತಕ್ಕೆ ಅದನ್ನು ಕೀಳುವ ಕೆಲಸ ಬಿಡಿ. ಬರದಿದ್ದರೆ ನಾಟಿದ ದಿಕ್ಕಿಗೆ ಎದುರಾಗಿ ಎಂಜಿನ್ನಿನಿಂದ ಎಳೆಯಿರಿ. ಹಗ್ಗದ ಒಳತುದಿಗೆ ‘ಬಿಟರ್ ಎಂಡ್’ ಎಂದು ಹೆಸರು. ಕಹಿಗೂ ಅದಕ್ಕೂ ಸಂಬಂಧವಿಲ್ಲ, ಅದನ್ನು ಸುತ್ತುವ ‘ಬಿಟ್’ ಎಂಬ ಗೂಟದಿಂದ ಬಂದದ್ದು. ಆಂಕರ್ ಇಳಿಸುವ ಮೊದಲು ಆ ತುದಿಯನ್ನು ದೋಣಿಗೆ ಕಟ್ಟಿದ್ದೀರಾ ಎಂದು ನೋಡಿಕೊಳ್ಳಿ.